ಊದುಬತ್ತಿ ವಾಸನೆಯ ಬೀಡಿ

ವಾರಿಜಕ್ಕ, ಆ ಬೀಡಿಗಳನ್ನು ಕಟ್ಟಿದ್ದು ನಾನು. ಅದು ನಿಮಗೆ ಗೊತ್ತಿತ್ತು, ನನಗೆ ಗೊತ್ತಿತ್ತು — ಕಾಪುವಿನಲ್ಲಿ ಮತ್ತೆ ಯಾರಿಗೂ ಗೊತ್ತಾಗಬಾರದೆಂದು ನಾನು ನಿಮ್ಮನ್ನು ಕಳ್ಳಿಯನ್ನಾಗಿ ಮಾಡಿದೆ. ಹತ್ತು ವರ್ಷವಾಯಿತು. ನನಗಿಂತ ದೊಡ್ಡವರಾದ ನಿಮ್ಮನ್ನು ಆಗ ‘ನೀನು’ ಎನ್ನುತ್ತಿದ್ದೆ. ನೀವು ನನ್ನನ್ನು ‘ಅಮ್ಮ’ ಎನ್ನುತ್ತಿದ್ದಿರಿ. ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮವರು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಉಚ್ಚಿಲ, ಎರ್ಮಾಳ್ ಕಡೆ ಗಲ್ಫ್ ದುಡ್ಡಿನಲ್ಲಿ ತಾರಸಿ ಮನೆಗಳು ಏಳತೊಡಗಿದವು. ಹೆಂಚು ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿತು. ಇವರು ಉಡುಪಿಯ ಜವಳಿ ಅಂಗಡಿಯೊಂದರಲ್ಲಿ ಅರ್ಧ ಸಂಬಳಕ್ಕೆ ಸೀರೆ ಮಡಚಲು ನಿಂತರು. ಊರಿಗೆ ಮಾತ್ರ ‘ಮ್ಯಾನೇಜರು’ ಎಂದೆವು. ಇಸ್ತ್ರಿ ಅಂಗಿ, ಬಂದವರಿಗೆ ಕಾಫಿ — ಇದೆಲ್ಲ ನಡೆಯಬೇಕಲ್ಲ! ಬಡವರೆಂದು ಹೇಳಿಕೊಳ್ಳಲು ನಾಚಿಕೆ, ಇದ್ದವರಂತೆ ಬದುಕಲು ಗತಿಯಿಲ್ಲ. ಎಂಥ ದರಿದ್ರ ಮರ್ಯಾದೆ ಅದು.

ಆಗ ನಿಮ್ಮ ಬಳಿ ಬಂದು ಬೀಡಿ ಕಟ್ಟಲು ಕಲಿತೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ನಿಮ್ಮ ಕೆಲಸದ ಕಾರ್ಡಿಗೆ ಸಿಗುವ ಎಲೆ, ಹೊಗೆಸೊಪ್ಪಿನಲ್ಲಿ ಒಂದು ಪಾಲು ನನಗೆ ಕೊಡುತ್ತಿದ್ದಿರಿ. ನಾನು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟುತ್ತಿದ್ದೆ; ನೀವು ನಿಮ್ಮದರ ಜೊತೆ ಸೇರಿಸಿ ಒಯ್ಯುತ್ತಿದ್ದಿರಿ. ಹೊಗೆಸೊಪ್ಪಿನ ಘಾಟು ಜಗಲಿಗೆ ಬರಬಾರದಲ್ಲ — ಕೆಲಸ ಮಾಡುವಷ್ಟು ಹೊತ್ತೂ ಪಕ್ಕದಲ್ಲೇ ಊದುಬತ್ತಿ ಹಚ್ಚಿಡುತ್ತಿದ್ದೆ. ಬುದ್ಧಿವಂತೆ ನಾನು! ಬೀಡಿಗೇ ಆ ವಾಸನೆ ಹಿಡಿಯಿತು.

ಬ್ರಾಂಚಿನ ಯಜಮಾನರು ನಿಮ್ಮನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ ದಿನ, ನಾದಿನಿಯನ್ನು ನೋಡಲು ಮಣಿಪಾಲದಿಂದ ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕುಳಿತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅವರಿಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

“ಬೀಡಿಯಲ್ಲಿ ಊದುಬತ್ತಿ ವಾಸನೆ ಉಂಟು ಅಮ್ಮ,” ಎಂದರು ಅವರು. “ಇದು ಇವಳ ಮನೆಯ ಮಾಲಲ್ಲ. ನಿಮ್ಮಲ್ಲಿ ಕಟ್ಟಿದ್ದು ಅಂತ ಹೇಳ್ತಾಳೆ. ಹೌದಾದ್ರೆ ಹೌದು ಹೇಳಿ, ಇನ್ನು ಮಾಡ್ಬೇಡಿ ಅಂತ ಬಿಟ್ಟುಬಿಡ್ತೇನೆ. ಅಲ್ಲದಿದ್ರೆ ಬೇರೆ ಯಾರದೋ ಕದ್ದ ಮಾಲು ಅಂತಲೇ ಆಗ್ತದೆ. ಕಾರ್ಡ್ ಹೋಗ್ತದೆ.”

“ಹೇಳಿ ಅಮ್ಮ, ಎಂತ ಆಗುವುದಿಲ್ಲ,” ಎಂದಿರಿ ನೀವು. ನನಗೇ ಧೈರ್ಯ ಹೇಳಿದಿರಿ!

“ನಮ್ಮ ಮನೆಯಲ್ಲಿ ಬೀಡಿ ಮುಟ್ಟುವವರು ಯಾರೂ ಇಲ್ಲ,” ಎಂದೆ. ಅಷ್ಟಕ್ಕೆ ಬಿಡಲಿಲ್ಲ. “ಎಂತ ವಾರಿಜ, ಸುಳ್ಳು ಹೇಳಲಿಕ್ಕೆ ನಿನಗೆ ನಾನೇ ಸಿಕ್ಕಿದ್ದಾ?” ಎಂದೂ ಕೇಳಿದೆ.

ನೀವು ಜಗಳವಾಡಲಿಲ್ಲ. ನಾಲ್ಕು ಮಾತು ಬೈದಿದ್ದರೆ, ಒಳಗೆ ನುಗ್ಗಿ ಆ ಕೋಣೆಯ ಬಾಗಿಲು ತೆರೆದಿದ್ದರೆ — ಸುಮ್ಮನೆ ಹೊರಟುಹೋದಿರಿ. ಕಾರ್ಡ್ ಹೋಯಿತು. ಬೇರೆ ಬ್ರಾಂಚಿನವರೂ ಸೇರಿಸಿಕೊಳ್ಳಲಿಲ್ಲ. ಮಗಳನ್ನು ಏಳನೆಯ ತರಗತಿಯಿಂದ ಬಿಡಿಸಿ, ಅವಳನ್ನೂ ಕರೆದುಕೊಂಡು ಕಾರ್ಕಳದ ಕಲ್ಲುಕೋರೆಗೆ ಕೆಲಸಕ್ಕೆ ಹೋದಿರೆಂದು ಆಮೇಲೆ ಕೇಳಿದೆ.

ಎರಡು ವರ್ಷದಲ್ಲಿ ಇವರ ಜವಳಿ ಅಂಗಡಿಯ ಕೆಲಸವೂ ಹೋಯಿತು. ಅದೇ ಬ್ರಾಂಚಿಗೆ ಹೋಗಿ ನನ್ನ ಹೆಸರಿನಲ್ಲಿ ಕಾರ್ಡ್ ಮಾಡಿಸಿದೆ. ಊರೇ ನಗುತ್ತದೆಂದು ತಲೆ ತಗ್ಗಿಸಿಕೊಂಡು ಸಾಲಿನಲ್ಲಿ ನಿಂತೆ. ಯಾರೂ ನಗಲಿಲ್ಲ, ವಾರಿಜಕ್ಕ. ಒಬ್ಬಳು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು, ಅಷ್ಟೆ. ಇಷ್ಟಕ್ಕಾಗಿ ನಾನು ನಿಮ್ಮನ್ನು —

ಆಗಲಾದರೂ ಹೇಳಬಹುದಿತ್ತು. ಹೇಳಿದರೆ ನನ್ನ ಕಾರ್ಡ್ ಹೋದೀತೆಂದು ಹೇಳಲಿಲ್ಲ. ಮೊದಲು ಮರ್ಯಾದೆಗೆ ಬಾಯಿ ಮುಚ್ಚಿದೆ, ಆಮೇಲೆ ಅನ್ನಕ್ಕೆ. ನೀವು ಕ್ಷಮಿಸಬೇಕೆಂದು ಕೇಳಲಾರೆ. ಆ ಬಾಯಿ ನನಗಿಲ್ಲ. ನಾಳೆ ಬ್ರಾಂಚಿಗೆ ಹೋಗಿ, ಸಾಲಿನಲ್ಲಿರುವ ಎಲ್ಲರ ಎದುರು ಹೇಳುತ್ತೇನೆ. ಕಾರ್ಡ್ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಅದರಿಂದ ನಿಮ್ಮ ಮಗಳು ಮತ್ತೆ ಶಾಲೆಯ ಬೆಂಚಿನಲ್ಲಿ ಕೂರುವುದಿಲ್ಲ, ಗೊತ್ತು.