ಒರೆಸಿ ಕೊಟ್ಟ ಎಲೆ

ಎಲೆ ಒಣಗಿಸುವುದೂ ಒಂದು ನೌಕರಿಯೇ ಎಂದು ಮೂಗು ಮುರಿಯುವವರನ್ನು ಹಿಡಿದು ತಂದು ಕಾಶಿಬಾಯಿಯ ಕೋಣೆಯಲ್ಲಿ ಎಂಟು ದಿನ ಕೂರಿಸಬೇಕು. ಬಿಸಿಲು ತಾಗಿದರೆ ಎಲೆಯ ಗುಣ ಹೋಗುತ್ತದೆ. ಗಾಳಿಯಾಡದಿದ್ದರೆ ಬೆಂದಂತಾಗುತ್ತದೆ. ಒಂದರ ಮೇಲೊಂದು ಬಿದ್ದರೆ ಕೊಳೆಯುತ್ತದೆ. ದಿನಕ್ಕೆ ಮೂರು ಸಲ ತಿರುವಿ ಹಾಕಬೇಕು. ನಾಗಪುರದ ಆ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಇದನ್ನೇ. ಗಿಡಮರಗಳಲ್ಲಿ ಮನುಷ್ಯನ ರೋಗಕ್ಕೆ ಮದ್ದು ಹುಡುಕುವವರು ಮೇಲಿನ ಮಹಡಿಯಲ್ಲಿ ಏಸಿ ಹಾಕಿಕೊಂಡು ಕೂತಿರುತ್ತಾರೆ. ಅವರ ಕೈಗೆ ಹೋಗುವ ಒಂದೊಂದು ಚಿಟಿಕೆ ಪುಡಿಯೂ ಕೆಳಗಿನ ಈ ಕೋಣೆಯಲ್ಲಿ ಇವಳ ಕೈ ದಾಟಿಯೇ ಹೋಗಬೇಕು. ಅವಳ ಹೆಸರು ಮಾತ್ರ ಯಾವ ವರದಿಯಲ್ಲೂ ಇಲ್ಲ. ಇರಲಿ ಎಂದು ಅವಳು ಕೇಳಿದವಳೂ ಅಲ್ಲ.

ಈಗ ಅವಳಿಗೆ ಐವತ್ತೊಂಬತ್ತು ತುಂಬಿದೆ, ಜುಲೈ ಕೊನೆಗೆ ನಿವೃತ್ತಿ. ಬೆಳಿಗ್ಗೆ ಐದಕ್ಕೆ ಎದ್ದು, ಹಾಸಿಗೆ ಹಿಡಿದ ಗಂಡ ಭೀಮಪ್ಪನ ಮೈ ತೊಳೆದು, ಆರು ರೊಟ್ಟಿ ಬಡಿದು, ಕನ್ಹಾನ್‌ನಲ್ಲಿ ಬಸ್ಸು ಹಿಡಿದು, ಆಟೋಮೋಟಿವ್ ಚೌಕದಲ್ಲಿ ಮೆಟ್ರೋ ಹತ್ತಿ ಬರುವಷ್ಟರಲ್ಲಿ ಅವಳ ಅರ್ಧ ದಿನದ ಶಕ್ತಿ ಮುಗಿದಿರುತ್ತದೆ. ಮೆಟ್ರೋದಲ್ಲಿ ಕಿಟಕಿಗೆ ತಲೆ ಆನಿಸಿದರೆ ಸಾಕು, ನಿದ್ದೆ. ಎರಡು ಸಲ ತನ್ನ ಸ್ಟೇಶನ್ ದಾಟಿ ಖಾಪ್ರಿಯವರೆಗೆ ಹೋಗಿಬಿಟ್ಟಿದ್ದಳು. ಹುನಗುಂದದ ಕಡೆಯಿಂದ ಬಂದ ಭೀಮಪ್ಪ ಮೌದಾದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರ ಕೈಕೆಳಗೆ ಫಿಟ್ಟರ್ ಆಗಿದ್ದವನು. ಅವನಿಗೆ ಪಿಂಚಣಿ ಇಲ್ಲ, ಏನೂ ಇಲ್ಲ. ಅವನ ಔಷಧಿ ಬರುವುದು ಕಾಶಿಬಾಯಿಯ ನೌಕರಿಯ ಕಾರ್ಡಿನ ಮೇಲೆ.

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಮೈಸೂರಿನಿಂದ ಸಂಹಿತಾ ಎಂಬ ಹುಡುಗಿ ಪಿಎಚ್‌.ಡಿ. ಮಾಡಲು ಬಂದಳು. ಮೊದಲ ದಿನವೇ ಕಾಶಿಬಾಯಿ ಎಲೆಗಳ ಜೊತೆ ಕನ್ನಡದಲ್ಲಿ ಗೊಣಗುವುದು ಅವಳ ಕಿವಿಗೆ ಬಿತ್ತು. ಅಂದಿನಿಂದ 'ಕಾಶಮ್ಮ' ಎಂದು ಕರೆಯತೊಡಗಿದಳು. ಇವಳ ಕನ್ನಡ ಅವಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಅವಳ ಕನ್ನಡ ಕೇಳಿದರೆ ಇವಳಿಗೆ ನಗು. ಆದರೂ ಊಟ ಮಾತ್ರ ಇಬ್ಬರದೂ ಒಟ್ಟಿಗೇ. ಮಕ್ಕಳಿಲ್ಲದ ಕಾಶಿಬಾಯಿ ಆ ಹುಡುಗಿಯನ್ನು ಬಲು ಹಚ್ಚಿಕೊಂಡಳು.

ಅದೇ ವರ್ಷದ ಆಗಸ್ಟ್‌ನಲ್ಲಿ ರಾಮಟೇಕ್ ಗುಡ್ಡದ ಕಡೆಯಿಂದ ಸಂಹಿತಾಳಿಗಾಗಿ ದಿಂಡಿಗದ ಎಲೆ ಬಂತು. ಇಲ್ಲಿಯವರು ಧಾವಡಾ ಎನ್ನುವ ಮರ. ಬಾಣಂತಿಯರ ಉಂಡೆಗೆ ಹಾಕುವ ಅಂಟು ಇದರದ್ದೇ. ಕಾಶಿಬಾಯಿ ಎಲೆ ಹರವಿ ಕೈ ತೊಳೆಯುತ್ತಿದ್ದಾಗ ಮೌದಾದಿಂದ ಫೋನು ಬಂತು. ಭೀಮಪ್ಪ ಕೆಲಸದ ಜಾಗದಲ್ಲೇ ಕುಸಿದು ಬಿದ್ದಿದ್ದ, ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಮೂರು ದಿನ ಅವಳು ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತಿದ್ದಳು. ಮೂರು ದಿನವೂ ಮಳೆ ಬಿಟ್ಟಿರಲಿಲ್ಲ. ನಾಲ್ಕನೆಯ ದಿನ ಬಂದು ಕೋಣೆಯ ಬೀಗ ತೆಗೆದರೆ ಎಲೆಗಳಿಗೆಲ್ಲ ಬೂದು ಬಣ್ಣದ ಬೂಷ್ಟು ಹಿಡಿದಿತ್ತು.

ಎಸೆದು ಬೇರೆ ತರಿಸಬೇಕಿತ್ತು. ಆದರೆ ಎಲೆ ತರುವ ಸಂಸ್ಥೆಯ ಜೀಪು ಮತ್ತೆ ಸಿಗುವುದು ತಿಂಗಳ ಮೇಲೆ. ಹುಡುಗಿ ಹದಿನೈದು ದಿನದಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ತೋರಿಸಬೇಕು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡು ವರ್ಷದಲ್ಲಿ ಅವಳ ಕೋಣೆಯಲ್ಲಿ ಒಂದೇ ಒಂದು ಎಲೆ ಕೆಟ್ಟಿರಲಿಲ್ಲ. ಆ ಹೆಮ್ಮೆಯೊಂದೇ ಅವಳಿಗಿದ್ದ ಆಸ್ತಿ. ಅವಳು ಬಟ್ಟೆ ತೆಗೆದುಕೊಂಡು ಒಂದೊಂದೇ ಎಲೆ ಒರೆಸಿದಳು. ಬಿಸಿಪೆಟ್ಟಿಗೆಯಲ್ಲಿಟ್ಟು ತೇವ ಆರಿಸಿ, ಪುಡಿ ಮಾಡಿ, ಡಬ್ಬಿಗೆ ಹಾಕಿ, 'ನೆರಳಲ್ಲಿ ಒಣಗಿಸಿದ್ದು' ಎಂಬ ಚೀಟಿ ಅಂಟಿಸಿ ಮೇಲೆ ಕಳಿಸಿದಳು. ತಪ್ಪು ತಪ್ಪೇ, ನಾನು ಅಲ್ಲವೆನ್ನುವುದಿಲ್ಲ. ಆದರೆ ಮೂರು ದಿನ ನಿದ್ದೆಗೆಟ್ಟು ಬಂದ ಹೆಂಗಸು ಆ ಹೊತ್ತಿನಲ್ಲಿ ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ.

ಆ ಪುಡಿಯ ಸಾರ ದೊಡ್ಡ ಸುದ್ದಿ ಮಾಡಿತು. ಆಸ್ಪತ್ರೆಗಳಲ್ಲಿ ಹುಣ್ಣು ಕೊಳೆಸುವ, ಯಾವ ಔಷಧಿಗೂ ಜಗ್ಗದ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನಡುವೆ ಒಂದು ಹನಿ ಬಿಟ್ಟರೆ, ಸುತ್ತ ರೂಪಾಯಿ ಅಗಲಕ್ಕೆ ರೋಗಾಣು ಸತ್ತು ತಟ್ಟೆ ಸ್ವಚ್ಛ! ಸಂಹಿತಾಳ ಗೈಡು ಚಾರುಲತಾ ಮೇಡಂ ಸ್ವತಃ ಪೇಢೆ ಹಿಡಿದು ಕೆಳಗಿಳಿದು ಬಂದರು. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಜಾರಿದ್ದು ಯಾರ ಕೈಯಿಂದ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಕಾಶಿಬಾಯಿಗೂ.

ಮುಂದಿನ ಎಲೆಯನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಒಣಗಿಸಿದಳು. ತಟ್ಟೆಯಲ್ಲಿ ಏನೂ ಆಗಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಬೇರೆ ಮರ, ಬೇರೆ ಗುಡ್ಡ, ಚಿಗುರೆಲೆ, ಹಣ್ಣೆಲೆ, ತೊಗಟೆ, ಎಲ್ಲ ಆಯಿತು. ಕಾಶಿಬಾಯಿ ಜೋಪಾನ ಮಾಡಿದಷ್ಟೂ ಸಂಹಿತಾಳ ಕೆಲಸ ಕೆಡುತ್ತಿತ್ತು. ಹುಡುಗಿ ಸೊರಗಿದಳು. ಊಟದ ಹೊತ್ತಿಗೆ ತನ್ನ ಬೆರಳುಗಳನ್ನೇ ನೋಡುತ್ತ ಕೂತಿರುತ್ತಿದ್ದಳು.

"ನನ್ನ ಕೈಯಲ್ಲೇ ಏನೋ ದೋಷ ಇದೆ ಕಾಶಮ್ಮ. ಅಳತೆ ತಪ್ಪುತ್ತೋ ಏನೋ, ಗೊತ್ತಾಗ್ತಿಲ್ಲ," ಎನ್ನುತ್ತಿದ್ದಳು.

"ಹಂಗೇನಿಲ್ಲ ತಂಗಿ. ಉಣ್ಣು, ಜಲ್ದಿ ಉಣ್ಣು," ಎನ್ನುತ್ತಿದ್ದಳು ಕಾಶಿಬಾಯಿ.

ಎರಡು ವರ್ಷದ ಮೇಲೆ, ಮಳೆಗಾಲದ ಒಂದು ದಿನ ಹೊಸ ವಿದ್ಯಾರ್ಥಿಗಳಿಗೆ ಸಂಹಿತಾ ಕೆಳಗಿನ ವರಾಂಡದಲ್ಲಿ ಪಾಠ ಹೇಳುತ್ತಿದ್ದಳು. ತನ್ನ ಊಟಕ್ಕೆ ಬೇರೆ ಸೂಕ್ಷ್ಮಜೀವಿಗಳು ಕೈ ಹಾಕಬಾರದೆಂದು ಬೂಷ್ಟು ವಿಷ ಕಾರುತ್ತದೆ, ನಮ್ಮ ಎಷ್ಟೋ ಔಷಧಿಗಳು ಆ ವಿಷವೇ ಎಂದಳು. ಒಳಗೆ ಪುಡಿ ಜರಡಿ ಹಿಡಿಯುತ್ತಿದ್ದ ಕಾಶಿಬಾಯಿಯ ಕೈ ನಿಂತಿತು. ಅವಳು ಶಾಲೆಯಲ್ಲಿ ಓದಿದ್ದು ಏಳನೆಯ ಇಯತ್ತೆಯವರೆಗೆ. ಅಷ್ಟು ತಿಳಿಯಲು ಏಳನೆಯದು ಸಾಕಿತ್ತು. ರೋಗಾಣುವನ್ನು ಕೊಂದದ್ದು ಎಲೆಯಲ್ಲ, ತಾನು ಒರೆಸಿ ಮುಚ್ಚಿದ ಬೂಷ್ಟು.

ಅಂದೇ ಹೇಳಬಹುದಿತ್ತು. ಸಂಜೆ ಹೇಳೋಣವೆಂದುಕೊಂಡಳು, ಸಂಜೆ ಬಸ್ಸಿನ ಗಡಿಬಿಡಿ. ಸೋಮವಾರ ಹೇಳೋಣವೆಂದುಕೊಂಡಳು. ಸುಳ್ಳು ಚೀಟಿ ಅಂಟಿಸಿದ್ದಕ್ಕೆ ವಿಚಾರಣೆ ಕೂತರೆ ಪಿಂಚಣಿ ತಡೆಯುತ್ತಾರೆ, ಕಾರ್ಡು ಹೋದರೆ ಭೀಮಪ್ಪನ ಗತಿಯೇನು? ಇವತ್ತು ಹೇಳದ ಮಾತನ್ನು ನಾಳೆ ಹೇಳಹೊರಟರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಹುಡುಕಬೇಕಾಗುತ್ತದೆ. ಹಾಗೆ ಎರಡು ವರ್ಷ ಕಳೆಯಿತು. ದಣಿದ ಜೀವಕ್ಕೆ ಸುಮ್ಮನಿರುವುದಕ್ಕಿಂತ ಸುಲಭದ ಕೆಲಸ ಬೇರೊಂದಿಲ್ಲ.

ಈ ವರ್ಷ ಮೇ ತಿಂಗಳಲ್ಲಿ, ಕೂಲರಿನ ಗಾಳಿಯೂ ಬಿಸಿಯಾಗಿ ಬರುವ ದಿನಗಳಲ್ಲಿ, ಮೇಲಿನ ಮಹಡಿಯ ಮಾತು ಕೆಳಗಿಳಿದು ಬಂತು. ಮೊದಲ ಫಲಿತಾಂಶವನ್ನು ಸಂಹಿತಾ ಕಟ್ಟಿ ಬರೆದಿದ್ದಾಳೆಂದು ಯಾರೋ ದೂರು ಕೊಟ್ಟಿದ್ದರು. ಚಾರುಲತಾ ಮೇಡಂ ಕೂಡ ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದರು. ಮಂಗಳವಾರ ಸಮಿತಿ ಕೂರುತ್ತದೆ, ಸುಳ್ಳೆಂದು ತೀರ್ಮಾನವಾದರೆ ಅವಳನ್ನು ಹೊರಗೆ ಹಾಕುತ್ತಾರೆ, ಮುಂದೆ ಎಲ್ಲಿಯೂ ಸೇರಿಸಿಕೊಳ್ಳುವುದಿಲ್ಲ.

ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದ ಸಂಹಿತಾ ಡಬ್ಬಿ ಮುಟ್ಟಲಿಲ್ಲ. ಕಾಶಿಬಾಯಿ ಎದ್ದು ಕೋಣೆಯ ಬಾಗಿಲು ಹಾಕಿದಳು.

"ತಂಗಿ, ಆ ಮೊದಲನೇ ಸಲದ ಎಲಿ ಐತಲ್ಲ, ಅದಕ್ಕ ಬೂಸರ ಹತ್ತಿತ್ತು. ನಾ ಒರಸಿ ಕೊಟ್ಟೆ."

"ಏನಂದ್ರಿ?"

"ಇವರನ್ನ ದವಾಖಾನಿಗೆ ಹಾಕಿದ್ವಲ್ಲ, ಆಗ. ಮೂರು ದಿನ ಎಲಿ ತಿರುವಿರಲಿಲ್ಲ. ಎಲ್ಲಾ ಬೂಸರ ಆಗಿತ್ತು. ಚೀಟಿ ಮ್ಯಾಲ ಸುಳ್ಳ ಬರದೆ."

ಸಂಹಿತಾ ಹಾಗೇ ಎದ್ದು ಮೇಲಕ್ಕೆ ಓಡಿದಳು. ಹಳೆಯ ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಪುಡಿ ಉಳಿದಿತ್ತು. ಅರ್ಧ ಗಂಟೆಯ ಮೇಲೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ತುಟಿ ನಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಬೂಷ್ಟಿನ ಎಳೆಗಳು ಕಂಡಿದ್ದವು. ಕಾಶಿಬಾಯಿಯ ಎರಡೂ ಕೈ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು ಕಾಶಮ್ಮ. ನಾಲ್ಕು ವರ್ಷದಿಂದ ನನಗೆ ನನ್ನ ಮೇಲೇ ನಂಬಿಕೆ ಹೋಗಿತ್ತು."

ಬೈದಿದ್ದರೆ ಕಾಶಿಬಾಯಿಗೆ ಹಗುರವಾಗುತ್ತಿತ್ತು. ಹುಡುಗಿ ಕಣ್ಣೊರೆಸಿಕೊಂಡು, ಸುಮ್ಮನೆ ಕೇಳಿದಳು: "ಬೂಷ್ಟೇ ಕಾರಣ ಅಂತ ನಿಮಗೆ ಯಾವಾಗ ಹೊಳೀತು?"

ನಿನ್ನೆ ಎಂದರೆ ಮುಗಿಯುತ್ತಿತ್ತು, ಅಲ್ಲವೆನ್ನುವವರು ಯಾರೂ ಇರಲಿಲ್ಲ. ಆದರೆ ಇನ್ನೊಂದು ಮಾತನ್ನು ಹೊಟ್ಟೆಯಲ್ಲಿಟ್ಟು ಕಾಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಎರಡು ವರ್ಷ ಆತು," ಎಂದಳು.

ಸಂಹಿತಾ ಕೈ ಬಿಟ್ಟಳು. ಎದ್ದು ನಿಂತು ಬಟ್ಟೆಯ ಧೂಳು ಕೊಡವಿಕೊಂಡಳು. ನಾಳೆ ಹತ್ತು ಗಂಟೆಗೆ ಮೇಲೆ ಬರಬೇಕಾಗುತ್ತದೆ ಎಂದಷ್ಟೇ ಹೇಳಿ ಹೋದಳು.

ಮಂಗಳವಾರ ಸಮಿತಿಯ ಮುಂದೆ ಕಾಶಿಬಾಯಿ ನಿಂತುಕೊಂಡೇ ತನ್ನ ಹರಕು ಮರಾಠಿಯಲ್ಲಿ ಎಲ್ಲ ಹೇಳಿದಳು. ಸಂಹಿತಾ ಬೂಷ್ಟಿನ ಎಳೆಗಳ ಚಿತ್ರ ತೋರಿಸಿದಳು. ಐದು ಜನರೂ ಬಾಗಿ ನೋಡಿದರು. ಹೊರಗಿನಿಂದ ಬಂದಿದ್ದ ವಯಸ್ಸಾದ ಪ್ರೊಫೆಸರು ಕನ್ನಡಕ ತೆಗೆದು ಕಾಶಿಬಾಯಿಯ ಕಡೆ ತಿರುಗಿ, ಇದು ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದರು. ತಪ್ಪಾಗುವುದು ಬೇರೆ, ತಿಳಿದೂ ಮುಚ್ಚಿಡುವುದು ಬೇರೆ, ಎರಡನೆಯದಾದರೆ ವಿಚಾರಣೆಗೆ ಬರೆಯಬೇಕಾಗುತ್ತದೆ ಎಂದೂ ಬಿಡಿಸಿ ಹೇಳಿದರು. ಕಾಶಿಬಾಯಿ ಹೇಳಲೆಂದೇ ಬಾಯಿ ತೆರೆದಳು.

"ನಿನ್ನೆ ಸರ್," ಎಂದಳು ಸಂಹಿತಾ, ಅವಳಿಗಿಂತ ಮೊದಲು. "ನಿನ್ನೆ ಮಾತಾಡ್ತಾ ಮಾತಾಡ್ತಾ ಗೊತ್ತಾಯಿತು. ಗೊತ್ತಾದ ತಕ್ಷಣ ಬಂದು ಹೇಳಿದರು."

ಪ್ರೊಫೆಸರು ಹಾಗೆಯೇ ಬರೆದುಕೊಂಡರು. ಕಾಶಿಬಾಯಿಗೆ ಅಲ್ಲವೆನ್ನಬೇಕೆನಿಸಿತು. ಭೀಮಪ್ಪನ ಬಿದ್ದುಹೋದ ಬಲಗೈ ಕಣ್ಣಮುಂದೆ ಬಂತು. ಅವಳು ತಲೆ ತಗ್ಗಿಸಿ ನಿಂತಳು. ಸಂಹಿತಾಳ ಮೇಲಿನ ದೂರು ವಜಾ ಆಯಿತು. ಆ ಬೂಷ್ಟನ್ನು ಮತ್ತೆ ಹುಡುಕಿ ಹಿಡಿಯಲು ಆರು ತಿಂಗಳು ಕೊಟ್ಟರು. ಕಾಶಿಬಾಯಿಗೆ ಸಿಕ್ಕಿದ್ದು ಬರೀ ಒಂದು ಎಚ್ಚರಿಕೆ ಪತ್ರ.

ಹೊರಗೆ ವರಾಂಡದಲ್ಲಿ ಕಾಶಿಬಾಯಿ ಸಂಹಿತಾಳ ಹಿಂದೆಯೇ ಬಂದಳು. "ತಂಗಿ, ನೀ ಯಾಕ ಹಂಗ..." ಎಂದಳು.

ಸಂಹಿತಾ ನಿಂತಳು, ಆದರೆ ತಿರುಗಲಿಲ್ಲ. "ಎಲ್ಲರೂ ನನ್ನನ್ನ ಸುಳ್ಳಿ ಅಂದ್ರು. ನಾಲ್ಕು ವರ್ಷದಲ್ಲಿ ನಾನು ಒಂದು ಅಂಕಿನೂ ತಿದ್ದಿರಲಿಲ್ಲ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವು. "ಇವತ್ತು ಹೇಳಿದ್ದೇ ಮೊದಲನೇ ಸುಳ್ಳು."

ಅವಳು ಮೆಟ್ಟಿಲು ಇಳಿದು ಹೋದಳು. ಕಾಶಿಬಾಯಿ ಕಟಕಟೆ ಹಿಡಿದು, ಮಂಡಿ ನೋವಿಗೆ ಒಂದೊಂದೇ ಮೆಟ್ಟಿಲು ಇಳಿದು, ತನ್ನ ಕೋಣೆಗೆ ಬಂದಳು. ಸಂಹಿತಾ ಆಗಲೇ ಎಲೆ ಹರವಿ, ಮತ್ತೆ ಬೂಷ್ಟು ಹಿಡಿಯಲೆಂದು ನೀರು ಚಿಮುಕಿಸುತ್ತಿದ್ದಳು. ಕಾಶಿಬಾಯಿ ಇನ್ನೊಂದು ತಟ್ಟೆ ಎಲೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಸಂಹಿತಾ ಅವಳ ಕಡೆ ನೋಡದೆಯೇ ನೀರಿನ ಪಾತ್ರೆಯನ್ನು ಇಬ್ಬರ ನಡುವೆ ಇಟ್ಟಳು.