ಸುಗೆಂಗಣ್ಣನ ಬಿದಿರು ಬುಟ್ಟಿ

ಎಲ್ಲರೂ ಬಳಸಬಹುದಾದ ಮುಕ್ತ ತಂತ್ರಾಂಶಕ್ಕಾಗಿ ಹದಿನೈದು ವರ್ಷದಿಂದ ಬಿಟ್ಟಿ ದುಡಿಯುವ ಜಾವಾ ದ್ವೀಪದ ಯೋಗ್ಯಕರ್ತ ಊರಿನ ಸುಗೆಂಗಣ್ಣ, ಬಿಟ್ಟಿ ಸಿಕ್ಕಿದ್ದನ್ನು ಮಾತ್ರ ನಂಬುವುದಿಲ್ಲ. ಅಂಗಡಿಯವಳು ಸೋಯಾ ಕಾಳಿನ ತೆಂಪೆ ಬಿಲ್ಲೆ ಒಂದು ಹೆಚ್ಚಿಗೆ ಹಾಕಿದರೆ ತಿರುವಿಹಾಕಿ ನೋಡುತ್ತಾನೆ. ಮದುವೆಯ ಕರೆಯೋಲೆಯನ್ನೂ ಬೇರೆಯವರ ಕೋಡ್ ತಿದ್ದುವಂತೆ ಸಾಲುಸಾಲಾಗಿ ಓದಿ, ಅಂಚಿನಲ್ಲಿ ಆಕ್ಷೇಪ ಬರೆಯುತ್ತಾನೆ. ಆ ತಂತ್ರಾಂಶದಿಂದ ಬೆಳೆದ ಕಂಪನಿಯೊಂದು ‘ಆಯ್ದ ಇಪ್ಪತ್ತು ಮಂದಿಗೆ’ ಕೃತಜ್ಞತೆಯ ಔತಣ ಇಟ್ಟಾಗ, “ಆಯ್ದೋರ್ಯಾರು? ಅಳತೆಗೋಲು ಯಾವ್ದು?” ಎಂದು ಕೇಳಿದ. ಕೋಡಿನ ಸಾಲು ಎಣಿಸಿದ್ದರಂತೆ. ಹೊಸಬರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವ ಲಾಸ್ಮಿಯಕ್ಕ ಒಂದು ಸಾಲು ಕೋಡೂ ಬರೆದವಳಲ್ಲ; ಅವಳಿಗೆ ಕರೆ ಬರಲಿಲ್ಲ. “ಹೋಗೋ ಮಾರಾಯ, ನನ್ ಪಾಲಿಂದೂ ನೀನೇ ತಿನ್ನು,” ಎಂದು ಅವಳು ನಕ್ಕಳು. ಸುಗೆಂಗಣ್ಣನ ಕೇರಿಯ ಊಟಗಳಲ್ಲಿ ಬಾರದವರ ಪಾಲು ಬುಟ್ಟಿಯಲ್ಲಿ ಮನೆಗೆ ಹೋಗುವುದು ರೂಢಿ. ಅವನೂ ಬಿದಿರು ಬುಟ್ಟಿ ಹಿಡಿದೇ ಹೋದ. “ಊಟ ಹೊರಗೆ ಒಯ್ಯೋ ಹಾಗಿಲ್ಲ ಸಾರ್,” ಎಂದ ಬಾಗಿಲವನು. ಸುಗೆಂಗಣ್ಣ ಪೆನ್ನು ತೆಗೆದ. ಹದಿನೈದು ವರ್ಷದ ಹಿಂದೆ ಅವನು ಕಳಿಸಿದ ಮೊದಲ ಕೋಡ್ ತಿದ್ದುಪಡಿಯನ್ನು ಎಲ್ಲರೂ ಹಳಿದ ದಿನ, “ತಿದ್ದಿ ಇನ್ನೊಮ್ಮೆ ಕಳಿಸು ತಮ್ಮಾ” ಎಂದು ಬರೆದವಳು ಲಾಸ್ಮಿಯಕ್ಕ ಒಬ್ಬಳೇ. ಆ ಸಾಲು ಅಚ್ಚಾದ ಚೀಟಿ ಇವತ್ತಿಗೂ ಅವನ ಅಂಗಿಯ ಜೇಬಿನಲ್ಲಿದೆ. ಆಹ್ವಾನಪತ್ರವನ್ನು ಬುಟ್ಟಿಯ ಮೇಲಿಟ್ಟುಕೊಂಡು ಅಂಚಿನಲ್ಲಿ ಬರೆದು ಬಾಗಿಲವನ ಕೈಗಿತ್ತ: “ಒಂದು ಹೆಸರು ಬಿಟ್ಟುಹೋಗಿದೆ. ತಿದ್ದಿ ಇನ್ನೊಮ್ಮೆ ಕಳಿಸಿ.”