ಬೆಂಚಿನ ಕೆಳಗಿನ ಬೋಲ್ಟು

ರೇಷನ್ ಅಂಗಡಿಯ ಮಿಷನ್ನು ಪೇಂಟರ್ ಮಾವನ ಹೆಬ್ಬೆಟ್ಟನ್ನು ಒಂದು ಸಲವೂ ಒಪ್ಪಲಿಲ್ಲ. ನಲವತ್ತು ವರ್ಷ ಎಮರಿ ಪೇಪರ್ ಹಿಡಿದು ಕಬ್ಬಿಣ ಉಜ್ಜಿದ ಬೆರಳು ಅದು. ಗೆರೆಗಳೆಲ್ಲ ಸವೆದು ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ಅಂಗಡಿಯವನು ಒಂದೊಂದೇ ಬೆರಳು ಒತ್ತಿಸಿ ಸುಸ್ತಾದರೆ, "ಕಿರುಬೆರಳು ನೋಡಪ್ಪ, ಅದೊಂದು ಸೋಂಬೇರಿ" ಎನ್ನುತ್ತಿದ್ದರು. ಕೊನೆಗೆ ಆ ಸೋಂಬೇರಿಯೇ ಮನೆಗೆ ಅಕ್ಕಿ ತರುತ್ತಿತ್ತು.

ಶ್ರೀನಿವಾಸಪುರದಲ್ಲಿ ನಮ್ಮದು ತೋಟದ ಬೆಂಚು, ಉಯ್ಯಾಲೆ ಮಾಡುವ ವರ್ಕ್‌ಶಾಪು. ಅಪ್ಪನ ಕಾಲದಿಂದ ಬಣ್ಣದ ಕೆಲಸ ಅವರದೇ. ನೆಂಟರೇನಲ್ಲ, ಆದರೂ ನನಗೆ ಮಾವ. ನಾನು ಅವರಿಗೆ ಅಮ್ಮಣ್ಣಿ. ಬೆಂಚು ಬಂದ ಕೂಡಲೇ ಅದನ್ನು ಮಗುಚಿ ಹಾಕಿ, ಯಾರೂ ನೋಡದ ಕಡೆಯಿಂದ ಕೆಲಸ ಶುರುಮಾಡುವುದು ಅವರ ಪದ್ಧತಿ. ಕೀಲು, ಬೋಲ್ಟು, ಕಾಲಿನ ತುದಿ, ಆಮೇಲೆ ಉಳಿದದ್ದು. ಬಣ್ಣ ಒಣಗಿದ ಮೇಲೆ ಒಂದೊಂದು ಬೋಲ್ಟನ್ನೂ ಹೆಬ್ಬೆಟ್ಟಿನಿಂದ ಒತ್ತಿ ಉಜ್ಜಿ ನೋಡುತ್ತಿದ್ದರು. "ಮೇಲ್ಗಡೆ ಬಣ್ಣ ಜನಕ್ಕೆ, ಕೆಳಗಡೆ ಬಣ್ಣ ಮಳೆಗೆ. ಜನ ಬಿಟ್ರೂ ಮಳೆ ಬಿಡಲ್ಲ" ಎನ್ನುವರು. ಚಳಿಗಾಲದಲ್ಲಿ ಕಬ್ಬಿಣಕ್ಕೆ ಕೆನ್ನೆ ಒತ್ತಿ ಇಬ್ಬನಿಯ ತಂಪು ಹೋಗಿದೆಯೇ ಎಂದು ನೋಡಿಯೇ ಬ್ರಷ್ ಮುಟ್ಟುತ್ತಿದ್ದರು. ನಾನು ಆತುರಪಟ್ಟರೆ ತೆಲುಗಿಗೆ ಇಳಿಯುತ್ತಿದ್ದರು: "ನಿದಾನಂಗಾ ಅಮ್ಮಾ, ನಿದಾನಂಗಾ."

ನನಗೋ ನಿಧಾನವೆಂದರೆ ಮೈ ಉರಿ. ಅಪ್ಪ ತೀರಿಕೊಂಡ ಮೇಲೆ ವರ್ಕ್‌ಶಾಪು ನನ್ನ ಕೈಗೆ ಬಂದಿತ್ತು. ಹೆಂಗಸಿನ ಕೈಲಿ ಏನಾದೀತು ಎಂದವರ ಮುಂದೆ ಗೆದ್ದು ತೋರಿಸುವ ಹಟ. ಆಗಲೇ ಯಲ್ದೂರಿನ ಮಾವಿನ ತೋಟದವರೊಬ್ಬರು ಎಂಟು ಬೆಂಚು ಹೇಳಿದರು. ಅದಕ್ಕೆ ನಾನು ತಂದಿದ್ದು ಜಿಂಕ್ ಲೇಪದ ಹೊಸ ಬೋಲ್ಟುಗಳು. ಮಾವ ತಲೆಯಾಡಿಸಿದರು. "ಇದರ ಮೈಮೇಲೆ ಎಣ್ಣೆ ಜಿಡ್ಡೈತೆ ಅಮ್ಮಣ್ಣಿ. ಸೋಪು ನೀರಲ್ಲಿ ತೊಳ್ದು, ಒಣಗ್ಸಿ, ಉಜ್ಜಿ, ಇದಕ್ಕೇ ಅಂತ ಇರೋ ಪ್ರೈಮರ್ ಹಾಕ್ಬೇಕು. ಇನ್ನು ಮೂರು ದಿನ ಕೊಡು."

"ಬೋಲ್ಟ್ ಯಾರ್ ನೋಡ್ತಾರೆ ಮಾವ? ನಾಳೆ ಗಾಡಿ ಬರುತ್ತೆ. ಬಣ್ಣ ಹೊಡೀರಿ ಸಾಕು" ಎಂದು ಎಲ್ಲರೆದುರು ಗದರಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಡಬ್ಬ ತೆರೆದರು.

ಒಂದು ಮಳೆಗಾಲ ಕಳೆಯಿತು. ತೋಟದವರು ವರ್ಕ್‌ಶಾಪಿಗೇ ಬಂದರು. ಬೋಲ್ಟಿನ ಬಣ್ಣ ಸಿಪ್ಪೆಯಂತೆ ಎದ್ದು, ಕೆಳಗೆಲ್ಲ ತುಕ್ಕು ಹಿಡಿದು, ಅವರ ತಾಯಿಯ ಬಿಳಿ ಸೀರೆಗೆ ಕಲೆಯಾಗಿತ್ತಂತೆ. "ಯಾರು ಹೊಡೆದಿದ್ದು ಈ ಬಣ್ಣ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತರು. "ನಾನೇ ಸಾಮಿ. ಜಿಡ್ಡು ತೆಗೀದೆ ಹೊಡೆದ್ಬಿಟ್ಟೆ. ನಂದೇ ತಪ್ಪು, ನಾನೇ ಬಂದು ಸರಿಮಾಡಿಕೊಡ್ತೀನಿ."

ನಾನು ಬಾಯಿ ತೆರೆಯಲೇ ಇಲ್ಲ. ತೋಟದವರು ಹೋದ ಮೇಲೆ, "ಯಾಕೆ ಮಾವ ಹಂಗಂದ್ರಿ?" ಎಂದು ಕೇಳಿದೆ.

"ಬೋರ್ಡಲ್ಲಿರೋ ಹೆಸರು ನಿಮ್ಮಪ್ಪಂದು. ನಂದೇನು ಬಿಡು, ಮುದುಕ."

ದಿನಾ ಬಸ್ಸಲ್ಲಿ ಯಲ್ದೂರಿಗೆ ಹೋಗಿ, ಒಂದೊಂದು ಬೋಲ್ಟನ್ನೂ ಬಿಚ್ಚಿ ತೊಳೆದು ಬಣ್ಣ ಹಚ್ಚಿ ಬಂದರು. ಆದರೆ ಮಾತು ಅವರಿಗಿಂತ ಮುಂಚೆ ಊರೂರು ಸುತ್ತಿತ್ತು. ಮಾಲೂರು, ಮುಳಬಾಗಿಲಿನಿಂದ ಅವರನ್ನೇ ಕರೆಸುತ್ತಿದ್ದವರು, "ಆ ಯಪ್ಪನ ಬಣ್ಣ ಕಿತ್ಕೊಂಡು ಬರುತ್ತಂತೆ" ಎಂದು ಬೇರೆಯವರನ್ನು ಹಿಡಿದರು. ಆ ಮಾತು ನನ್ನ ಕಿವಿಗೂ ಬಿತ್ತು. ತೋಟದವರಿಗೆ ಒಂದು ಫೋನು ಮಾಡಿ ನಿಜ ಹೇಳಿದ್ದರೆ ಸಾಕಿತ್ತು. ಇವತ್ತು, ನಾಳೆ ಎಂದು ತಳ್ಳುತ್ತಾ ಹೋದೆ. ನಮ್ಮಲ್ಲಿ ಕೆಲಸವಿಲ್ಲದ ದಿನವೂ ಅವರು ಬಂದು ಕೂತು, ತೊಳೆದಿದ್ದ ಬ್ರಷ್‌ಗಳನ್ನೇ ಮತ್ತೆ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ನೋಡಲಾರದೆ ನಾನು ಒಳಗೆ ಹೋಗುತ್ತಿದ್ದೆ.

ಇನ್ನೊಂದು ಮಳೆಗಾಲವೂ ಕಳೆಯಿತು. ಮಾಘದ ಒಂದು ಬೆಳಿಗ್ಗೆ ಎದೆ ನೋವೆಂದವರು ಆಸ್ಪತ್ರೆ ತಲುಪಲಿಲ್ಲ. ಸ್ನಾನ ಮಾಡಿಸುವಾಗ ಉಗುರಿನ ಸಂದಿಯ ಹಸಿರು ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. "ಬಿಡ್ರಪ್ಪ, ಇರ್ಲಿ" ಎಂದರು ಅವರ ಹೆಂಡತಿ. ಆಕೆಯ ಎದುರು ನಿಲ್ಲಲು ನನ್ನಿಂದಾಗಲಿಲ್ಲ.

ತಿಥಿಯ ಮಾರನೆಯ ದಿನ ಯಲ್ದೂರಿಗೆ ಹೋದೆ. ಮಾವಿನ ಮರದ ಕೆಳಗೆ ಬೆಂಚುಗಳು ಹಾಗೇ ಇದ್ದವು. ತೋಟದವರಿಗೆ ಹೇಳಿದೆ: "ಅವತ್ತಿನ ತಪ್ಪು ಅವರದಲ್ಲ ಸಾರ್. ಅವರು ಬೇಡ ಅಂದ್ರು, ನಾನು ಕೇಳ್ಲಿಲ್ಲ."

ಅವರು ಮೆಲ್ಲಗೆ ಅಂದರು: "ಇದನ್ನ ಅವರು ಇದ್ದಾಗ ಹೇಳ್ಬೇಕಾಗಿತ್ತು ಕಣಮ್ಮ."

ನಾನು ಬಗ್ಗಿ, ಬೆಂಚಿನ ಕೆಳಗೆ ಕೈ ಹಾಕಿ, ಮಾವ ಮಾಡುತ್ತಿದ್ದ ಹಾಗೆ ಬೋಲ್ಟನ್ನು ಹೆಬ್ಬೆಟ್ಟಿನಿಂದ ಒತ್ತಿ ಉಜ್ಜಿದೆ. ಎರಡು ಮಳೆಗಾಲ ಕಂಡ ಬೋಲ್ಟು. ಬೆರಳಿಗೆ ತುಕ್ಕು, ಬಣ್ಣ ಏನೂ ಅಂಟಲಿಲ್ಲ.